ಇಪ್ಪತ್ತಮೂರು ಕಿಲೋದ ಸಿದ್ಧತೆ

ಆಗಸ್ಟ್ ಮುಗಿಯಲು ಬಂತೆಂದರೆ ನನಗೆ ಊರ ಕಡೆಯಿಂದ ಫೋನು ಬರಲು ಶುರುವಾಗುತ್ತದೆ. ದಾವಣಗೆರೆ, ತಿಪಟೂರು, ಶಿರಸಿ, ಬೆಂಗಳೂರಿನ ವಿಜಯನಗರ. ಯಾರದೋ ಸೋದರಮಾವನ ಮೊಮ್ಮಗ, ಯಾರದೋ ಸಹೋದ್ಯೋಗಿಯ ಮಗಳು. ಎಲ್ಲರೂ ಅಕ್ಟೋಬರಿಗೆ ಎಂ.ಎಸ್. ಓದಲು ಜರ್ಮನಿಗೆ ಬರುವವರು. ನಾನೂ 2011ರಲ್ಲಿ ಹಾಗೇ ಬಂದವನು, ಇಲ್ಲೇ ಉಳಿದೆ. ನನ್ನ ನಂಬರು ಕೈಯಿಂದ ಕೈಗೆ ದಾಟುತ್ತಾ ಹೋಗಿದೆ. ಫೋನು ಮಾಡುವುದು ಓದಲು ಬರುವ ಹುಡುಗ ಹುಡುಗಿಯರಲ್ಲ, ಅವರ ಅಪ್ಪ ಅಮ್ಮ. ಕೇಳುವುದು ಒಂದೇ ಮಾತು: ಏನೇನು ಕಟ್ಟಿ ಕಳಿಸೋಣ?

ಅಷ್ಟು ಹೊತ್ತಿಗೆ ಅರ್ಧ ಕಟ್ಟಿಯೂ ಆಗಿರುತ್ತದೆ. ಬ್ಯಾಗು ತೂಗುವ ಕೊಕ್ಕೆ ತಕ್ಕಡಿಯನ್ನು ಪಕ್ಕದ ಮನೆಯಿಂದ ತಂದಿರುತ್ತಾರೆ. ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ, ಎರಡು ಸುತ್ತು ಪ್ಲಾಸ್ಟಿಕ್ಕು ಸುತ್ತಿದ ಉಪ್ಪಿನಕಾಯಿ, ಥರ್ಮಲ್ ಬನಿಯನ್ನು, ಕುಕ್ಕರು, ಕುಕ್ಕರಿಗೊಂದು ಹೆಚ್ಚಿನ ಗ್ಯಾಸ್ಕೆಟ್ಟು. ಮುಳ್ಳು ಇಪ್ಪತ್ತಮೂರು ಕಿಲೋ ದಾಟಿದರೆ ಒಂದು ಪೊಟ್ಟಣ ತೆಗೆ, ಇನ್ನೊಂದನ್ನು ಹ್ಯಾಂಡ್ ಬ್ಯಾಗಿಗೆ ತುರುಕು. ಮಗಳನ್ನು ಗಂಡನ ಮನೆಗೆ ಕಳಿಸುವ ದಿನದ ಹಾಗೆ ಮನೆ ತುಂಬ ಸಡಗರ.

ಈ ಸಡಗರದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಮ್ಮ ಕಟ್ಟಿಕೊಟ್ಟ ಹುಳಿಪುಡಿಯ ಸ್ಟೀಲ್ ಡಬ್ಬ ಇವತ್ತಿಗೂ ನನ್ನ ಅಡುಗೆಮನೆಯಲ್ಲಿದೆ. ಇದನ್ನೇ ಸಿದ್ಧತೆ ಅನ್ನುತ್ತೇವಲ್ಲ, ಅದಕ್ಕೆ ನನ್ನ ತಕರಾರು. ಸೀಟು ಸಿಕ್ಕಿತು, ವೀಸಾ ಬಂತು, ಬ್ಯಾಗು ತೂಗಿಯಾಯಿತು, ಇನ್ನು ಹೊರಡುವುದೊಂದೇ ಬಾಕಿ; ಉಳಿದದ್ದನ್ನು ಅಲ್ಲಿಗೆ ಹೋದಮೇಲೆ ನೋಡಿಕೊಂಡರಾಯಿತು, ಸೀನಿಯರ್‌ಗಳಿದ್ದಾರೆ, ಕನ್ಸಲ್ಟೆನ್ಸಿಯವರಿದ್ದಾರೆ ಅನ್ನುವುದು ನಮ್ಮಲ್ಲಿ ಓದಿದವರು, ಓದದವರು, ಉಳ್ಳವರು, ಸಾಲ ಮಾಡಿದವರು ಎಲ್ಲರೂ ಒಪ್ಪಿಕೊಂಡ ಮಾತಾಗಿದೆ. ಇದು ತಲೆಕೆಳಗಾದ ಮಾತು. ಬ್ಯಾಗಿಗೆ ಹಿಡಿಸುವುದೆಲ್ಲ ಇಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ತನಗೆ ಬಂದ ಕಾಗದವನ್ನು ತಾನೇ ಓದಿ, ತಾನೇ ತುಂಬಿ, ತಾರೀಖಿನೊಳಗೆ ತಾನೇ ಕಳಿಸುವ ರೂಢಿ ಮಾತ್ರ ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಊರಿನಲ್ಲೇ ಕಲಿತು ಬರಬೇಕು. ಕಲಿಯಬೇಕಾದ ಆ ಕೆಲಸವನ್ನೇ ನಾವು ಲಕ್ಷಗಟ್ಟಲೆ ಕೊಟ್ಟು ಬೇರೆಯವರ ಕೈಯಲ್ಲಿ ಮಾಡಿಸುತ್ತಿದ್ದೇವೆ.

ಕುಕ್ಕರಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಮ್ಮ ಮನೆಗಳ ಹಳೇ ಅಲ್ಯೂಮಿನಿಯಂ ಕುಕ್ಕರನ್ನು ಇಂಡಕ್ಷನ್ ಒಲೆಯ ಮೇಲೆ ಕೂರಿಸಿದರೆ ಅದು ಬಿಸಿಯೇ ಆಗುವುದಿಲ್ಲ. ತುಪ್ಪದ ಡಬ್ಬ ತರುವ ಹಾಗಿಲ್ಲ. ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವುದಕ್ಕೆ ನಿಷೇಧವಿದೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅದನ್ನು ಯಾವ ತಾಯಿಯೂ ಮಾಡಿಸಿದ್ದು ನಾನು ಕಂಡಿಲ್ಲ. ತೊಗರಿಬೇಳೆ, ಹಿಂಗು, ಹುಣಸೆಹಣ್ಣು, ಸೋನಾ ಮಸೂರಿ ಅಕ್ಕಿ ಸಾಧಾರಣ ದೊಡ್ಡ ಊರುಗಳಲ್ಲೆಲ್ಲ ಭಾರತದವರ ಅಂಗಡಿಯಲ್ಲೋ ಶ್ರೀಲಂಕಾ ತಮಿಳರ ಅಂಗಡಿಯಲ್ಲೋ ಸಿಗುತ್ತವೆ. ಹನ್ನೆರಡು ಪೊಟ್ಟಣ ಸಾರಿನಪುಡಿ ತಂದ ಹುಡುಗ ಬೇಳೆ ಬೇಯಿಸಲು ಎಷ್ಟು ನೀರು ಇಡಬೇಕೆಂದು ನನಗೆ ವಿಡಿಯೋ ಕಾಲ್ ಮಾಡಿ ಕೇಳಿದ್ದಾನೆ. ಪುಡಿಯ ಬದಲು ಒಂದು ವಾರ ಅಡುಗೆಮನೆಗೆ ಬಿಟ್ಟಿದ್ದರೆ ಎರಡು ಕಿಲೋ ಉಳಿಯುತ್ತಿತ್ತು.

ಇನ್ನು ಇಳಿದ ಮೇಲಿನ ಕಥೆ. ವೀಸಾಕ್ಕೆಂದು ಹೆಚ್ಚುಕಡಿಮೆ ಎಲ್ಲರೂ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚು ಇಟ್ಟೇ ಬರುತ್ತಾರೆ. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಹಣ ನಿಮ್ಮದೇ, ಆದರೆ ಅದು ತಿಂಗಳಿಗೆ 992 ಯೂರೋದಂತೆ ಮಾತ್ರ ಬಿಡುಗಡೆಯಾಗುತ್ತದೆ, ಅದೂ ನಿಮ್ಮ ಹೆಸರಿನಲ್ಲಿ ಇಲ್ಲೊಂದು ಮಾಮೂಲಿ ಖಾತೆ ಇದ್ದರೆ. ಆ ಖಾತೆ ತೆರೆಯಲು ಹಲವು ಬ್ಯಾಂಕುಗಳು ವಿಳಾಸ ನೋಂದಣಿಯ ಕಾಗದ ಕೇಳುತ್ತವೆ. ಈ ನೋಂದಣಿಗೆ ಇಲ್ಲಿ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಮಾಡಿಸಬೇಕು. ಅದಕ್ಕೆ ಮನೆಯ ಮಾಲೀಕ ಸಹಿ ಹಾಕಿದ ಪತ್ರ ಬೇಕು. ಮಾಲೀಕ ಮನೆ ಕೊಡಬೇಕಾದರೆ ಅಡ್ವಾನ್ಸು ಕೇಳುತ್ತಾನೆ, ಕಾನೂನಿನ ಪ್ರಕಾರವೇ ಮೂರು ತಿಂಗಳ ಬಾಡಿಗೆಯವರೆಗೆ ಕೇಳಬಹುದು. ಅಡ್ವಾನ್ಸು ಕೊಡಲು ಹಣ ಬೇಕು, ಹಣ ಆ ಅಕೌಂಟಿನೊಳಗೆ ಕೂತಿದೆ. ಹುಚ್ಚು ಬಿಡುವ ತನಕ ಮದುವೆ ಆಗದು, ಮದುವೆ ಆಗುವ ತನಕ ಹುಚ್ಚು ಬಿಡದು.

ಈ ಗಂಟನ್ನು ಬಿಚ್ಚುವ ತುದಿ ಇಲ್ಲಿಲ್ಲ, ಊರಲ್ಲೇ ಇದೆ. ಅಡ್ಮಿಷನ್ ಬಂದ ದಿನವೇ ವಿದ್ಯಾರ್ಥಿ ಹಾಸ್ಟೆಲ್ಲಿಗೆ ಅರ್ಜಿ ಹಾಕಿದವನಿಗೆ ಸರದಿಯಲ್ಲಿ ಒಂದು ಜಾಗವಾದರೂ ಇರುತ್ತದೆ. ವೀಸಾ ಬರಲಿ ಆಮೇಲೆ ನೋಡೋಣ ಅಂದವನಿಗೆ ಅದೂ ಇಲ್ಲ. ಬ್ಲಾಕ್ಡ್ ಅಕೌಂಟಿನ ಹೊರಗೆ ಎರಡು ಮೂರು ತಿಂಗಳ ಹಣವನ್ನು ಬೇರೆ ಇಟ್ಟುಕೊಂಡು ಬಂದವನು ಅಡ್ವಾನ್ಸಿಗೆ ಬಾಯಿ ಬಾಯಿ ಬಿಡುವುದಿಲ್ಲ. ಆದರೆ ನಮ್ಮವರ ಯೋಜನೆಯೇ ಬೇರೆ. 'ಒಂದು ತಿಂಗಳು ಸೀನಿಯರ್ ರೂಮಲ್ಲಿ ಇರ್ತಾನೆ.' ಆ ಸೀನಿಯರ್ ಇರುವುದು ಒಬ್ಬರಿಗೆಂದು ಕೊಟ್ಟ ಹದಿನಾಲ್ಕು ಚದರ ಮೀಟರಿನ ಕೋಣೆಯಲ್ಲಿ. ಅಲ್ಲಿ ಇನ್ನೊಬ್ಬನ ಹೆಸರು ನೋಂದಾಯಿಸಲು ಮಾಲೀಕ ಒಪ್ಪುವುದಿಲ್ಲ. ಇರದೇ ಇರುವ ಮನೆಯ ವಿಳಾಸವನ್ನು ಬರೆಸಿಕೊಳ್ಳೋಣವೆಂದರೆ ಅದಕ್ಕೆ ದಂಡವಿದೆ. ಒಂದು ತಿಂಗಳು ಎರಡಾಗುತ್ತದೆ, ನೆಲದ ಮೇಲಿನ ಹಾಸಿಗೆ ಹಳೆಯದಾಗುತ್ತದೆ, ಸ್ನೇಹವೂ. ಆಮೇಲೆ ಆತುರಕ್ಕೆ ಬಿದ್ದು, ಫೋಟೋ ನೋಡಿ, 'ನಾನು ಸದ್ಯ ಲಂಡನ್ನಿನಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಕೀಲಿಕೈ ಪೋಸ್ಟ್ ಮಾಡುತ್ತೇನೆ' ಅನ್ನುವವನಿಗೆ ಹಣ ಕಳಿಸುವುದು. ಆ ಕೀಲಿಕೈ ಯಾರ ಕೈಗೂ ಬಂದದ್ದಿಲ್ಲ.

ಹತ್ತಿರದಿಂದ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಹಾಸನದ ಕಡೆಯ ಹುಡುಗ, ಬುದ್ಧಿವಂತ, ಎಂಜಿನಿಯರಿಂಗಿನಲ್ಲಿ ಒಳ್ಳೆಯ ಅಂಕ. ಬಂದು ಆರು ವಾರವಾದರೂ ಬ್ಯಾಂಕ್ ಕಾರ್ಡು ಬಂದಿರಲಿಲ್ಲ. ಆರೋಗ್ಯ ವಿಮೆಯ ಪತ್ರವಿಲ್ಲ, ತೆರಿಗೆ ನಂಬರು ಬಂದಿಲ್ಲ. ತೆರಿಗೆ ನಂಬರಿಲ್ಲದೆ ಪಾರ್ಟ್ ಟೈಮ್ ಕೆಲಸಕ್ಕೆ ಸರಿಯಾಗಿ ಸಂಬಳ ಮಾಡುವುದಿಲ್ಲ. 'ಜರ್ಮನಿಯವರು ಅಂದರೆ ಏನೋ ಅಂದುಕೊಂಡಿದ್ದೆ, ನಮ್ಮ ತಾಲ್ಲೂಕು ಆಫೀಸೇ ವಾಸಿ' ಅಂತ ಅವನ ಅಪ್ಪ ಫೋನಿನಲ್ಲಿ ಕೂಗಾಡಿದರು. ಒಂದು ಶನಿವಾರ ಅವನ ಮನೆಗೆ ಹೋದೆ. ಕೆಳಗೆ ಬಾಗಿಲ ಬಳಿ ಎರಡು ಸಾಲು ಲೆಟರ್ ಬಾಕ್ಸು. ಅವನದರ ಮೇಲೆ ನೋಟ್‌ಬುಕ್ಕಿನ ಹಾಳೆ ಹರಿದು ಬಾಲ್ ಪೆನ್ನಿನಲ್ಲಿ ಮನೆಯಲ್ಲಿ ಕರೆಯುವ ಹೆಸರು ಬರೆದು ಸೆಲ್ಲೋಟೇಪ್ ಅಂಟಿಸಿದ್ದ.

ಇಲ್ಲಿ ಮನೆಗಳಿಗೆ ಫ್ಲಾಟ್ ನಂಬರು ಬರೆಯುವ ಪದ್ಧತಿ ಅಷ್ಟಾಗಿ ಇಲ್ಲ. ಪೋಸ್ಟ್‌ಮ್ಯಾನ್ ನೋಡುವುದು ಡಬ್ಬದ ಮೇಲಿನ ಹೆಸರನ್ನು, ಮುಖ್ಯವಾಗಿ ಮನೆತನದ ಹೆಸರನ್ನು. ಹೆಸರು ಇಲ್ಲದಿದ್ದರೆ ಪತ್ರ ವಾಪಸು. ಈ ಹುಡುಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅವನ ಹೆಸರಿನ ಹಿಂದೆ ಎರಡು ಇನಿಷಿಯಲ್ಲು. ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟು ಅವನ್ನು ಬಿಡಿಸಿ ಬರೆದಿದ್ದ: ಸರ್‌ನೇಮ್ ಅನ್ನುವ ಜಾಗಕ್ಕೆ ಊರಿನ ಹೆಸರು, ಗಿವನ್ ನೇಮ್ ಜಾಗಕ್ಕೆ ಅಪ್ಪನ ಹೆಸರು ಮತ್ತು ಅವನ ಹೆಸರು. ಹಾಗಾಗಿ ಜರ್ಮನ್ ಕಚೇರಿಗಳ ಲೆಕ್ಕದಲ್ಲಿ ಅವನು ತನ್ನ ಊರೇ ಆಗಿಬಿಟ್ಟಿದ್ದ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಪಿನ್ನು ಇನ್ನೊಂದು ಲಕೋಟೆಯಲ್ಲಿ, ವಿಮೆಯವರದು, ತೆರಿಗೆಯವರದು, ಎಲ್ಲವೂ 'ಶ್ರೀ ಇಂಥ ಊರು' ಅನ್ನುವವರಿಗೆ ಬಂದು, ಅಂಥವರು ಈ ಮನೆಯಲ್ಲಿಲ್ಲವೆಂದು ತಿರುಗಿ ಹೋಗಿದ್ದವು. ಎಲ್ಲರೂ ತಮ್ಮ ಕೆಲಸ ಮಾಡಿದ್ದರು. ನಾನು ಒಂದು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಅವನ ಊರಿನ ಹೆಸರು ಬರೆದು ಅಂಟಿಸಿದೆ. ಅವನು ಅದನ್ನೇ ನೋಡುತ್ತಾ ನಿಂತ. 'ಅಂಕಲ್, ಇದು ನನ್ನ ಹೆಸರಲ್ಲ' ಅಂದ. ನಿಜ, ಅಲ್ಲ. ಆದರೆ ಹೊರಡುವ ಮೊದಲು ಒಂದು ಸಲ, ಒಂದೇ ಸಲ, ತನ್ನ ಪಾಸ್‌ಪೋರ್ಟನ್ನು ತಾನೇ ಬಿಡಿಸಿ ಓದಿದ್ದರೆ ಅವನಿಗೆ ಅದು ಗೊತ್ತಿರುತ್ತಿತ್ತು. ಇನಿಷಿಯಲ್ಲಿನ ತೊಡಕು ನಮ್ಮ ಕಡೆಯವರಿಗೇ ಮೀಸಲು. ಮಾರ್ಕ್ಸ್ ಕಾರ್ಡಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಬೇರೆಯಾದರೆ ಎರಡೂ ಒಬ್ಬನದೇ ಅನ್ನುವ ಅಫಿಡವಿಟ್ಟನ್ನು ಊರಿನಲ್ಲಿ ಅರ್ಧ ದಿನದಲ್ಲಿ ಮಾಡಿಸಬಹುದು. ಇಲ್ಲಿಂದ ಮಾಡಿಸಲು ಹೊರಟರೆ ಅದರ ಕಷ್ಟ ಅನುಭವಿಸಿದವರಿಗೇ ಗೊತ್ತು.

ಅವನು ಯಾಕೆ ಓದಿರಲಿಲ್ಲ? ಓದುವ ಪ್ರಮೇಯವೇ ಬಂದಿರಲಿಲ್ಲ. ಪಾಸ್‌ಪೋರ್ಟು ಏಜೆಂಟು ಮಾಡಿಸಿದ. ಯಾವ ಕೋರ್ಸು, ಯಾವ ಊರು ಅನ್ನುವುದನ್ನು ಕನ್ಸಲ್ಟೆನ್ಸಿ ಆರಿಸಿತು. 'ನಾನು ಈ ವಿಷಯವನ್ನು ಯಾಕೆ ಓದಬಯಸುತ್ತೇನೆ' ಅನ್ನುವ ಎರಡು ಪುಟವನ್ನೂ ಅವರೇ ಬರೆದರು. ಅರ್ಜಿಗೆಂದು ಹೊಸ ಇಮೇಲ್ ವಿಳಾಸವೊಂದನ್ನು ತೆರೆದವರೂ ಅವರೇ, ಅದರ ಪಾಸ್‌ವರ್ಡ್ ಇದ್ದದ್ದೂ ಅವರ ಹತ್ತಿರ. ವಿಶ್ವವಿದ್ಯಾಲಯ ಈ ಹುಡುಗನ ಹೆಸರಿಗೆ ಬರೆದ ಹತ್ತಾರು ಪತ್ರಗಳಲ್ಲಿ ಅವನು ಕಂಡದ್ದು ಒಂದು, ಅಡ್ಮಿಷನ್ ಸಿಕ್ಕಿದ್ದನ್ನು. ಅದನ್ನು ಸ್ಟೇಟಸ್ಸಿಗೆ ಹಾಕಿದ. ಉಳಿದವುಗಳಲ್ಲಿ ಹಾಸ್ಟೆಲ್ಲಿಗೆ ಹೇಗೆ ಅರ್ಜಿ ಹಾಕಬೇಕು, ವಿಮೆಯವರಿಂದ ಏನು ಕಳಿಸಬೇಕು, ಹೊಸಬರಿಗೆ ಪರಿಚಯದ ವಾರ ಯಾವಾಗ ಅನ್ನುವುದೆಲ್ಲ ಇತ್ತು.

ಕನ್ಸಲ್ಟೆನ್ಸಿಗಳನ್ನು ಬೈದರೆ ಕೆಲವರಿಗೆ ಸಿಟ್ಟು ಬರುತ್ತದೆ, ಅವರ ವಾದದಲ್ಲಿ ಹುರುಳಿದೆ. 'ನೀವು ಇಂಗ್ಲಿಷ್ ಮೀಡಿಯಮ್ಮಿನವರು, ನಿಮಗೆ ನಾಲ್ಕು ಜನ ಗೊತ್ತಿದ್ದರು. ಗದಗಿನ ಹಳ್ಳಿಯಿಂದ ಮೊದಲ ಸಲ ಹೊರಗೆ ಕಾಲಿಡುವ ಹುಡುಗಿಗೆ ಯಾರು ಹೇಳಿಕೊಡಬೇಕು? ಅವಳಿಗೆ ಕನ್ಸಲ್ಟೆನ್ಸಿಯೇ ಬಾಗಿಲು' ಅನ್ನುತ್ತಾರೆ. ಬಾಗಿಲು ಬೇಕು, ಒಪ್ಪಿದೆ. ಆದರೆ ಈ ಬಾಗಿಲಿನವರು ಅವಳನ್ನು ಒಳಗೆ ನಡೆಸಿಕೊಂಡು ಹೋಗುವುದಿಲ್ಲ, ಹೊತ್ತು ಹಾಕುತ್ತಾರೆ. ವಿಮಾನ ಹತ್ತಿದ ಮೇಲೆ ಹೊರುವವರು ಇರುವುದಿಲ್ಲ. ಮನೆಯಲ್ಲಿ ದಾರಿ ತೋರಿಸುವವರು ಇಲ್ಲದ ಹುಡುಗಿಗೇ ತಾನೇ ಓದಿ ತಾನೇ ತುಂಬುವ ಈ ರೂಢಿ ಹೆಚ್ಚು ಬೇಕು, ಏಕೆಂದರೆ ಎಡವಿದಾಗ ಹಿಡಿಯಲು ಅವಳಿಗೆ ಚಿಕ್ಕಪ್ಪನಿಲ್ಲ, ಎರಡನೇ ಸಾಲಕ್ಕೆ ಅಡವಿಡಲು ಹೊಲವೂ ಇಲ್ಲ. ಇನ್ನು ಬಾಗಿಲು ಎಲ್ಲಿಗೆ ತೆರೆಯುತ್ತದೆ ಅನ್ನುವುದನ್ನೂ ನೋಡಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಶುಲ್ಕವನ್ನೇ ಕೇಳದವರು ಏಜೆಂಟಿಗೆ ಕಮಿಷನ್ ಎಲ್ಲಿಂದ ಕೊಟ್ಟಾರು? ಕಮಿಷನ್ ಇರುವುದು ಖಾಸಗಿಯವರಲ್ಲಿ. ಎಪ್ಪತ್ತು ಪರ್ಸೆಂಟಿನ ಹುಡುಗನಿಗೆ 'ನಿನ್ನ ಪ್ರೊಫೈಲಿಗೆ ಪ್ರೈವೇಟೇ ಬೆಸ್ಟು' ಅನ್ನುವ ಸಲಹೆ ಹುಟ್ಟುವುದು ಅಲ್ಲಿ.

ತಾವೇ ಮಾಡಿಕೊಳ್ಳುವುದು ಅಂಥ ದೊಡ್ಡ ವಿದ್ಯೆಯೂ ಅಲ್ಲ. ಕೋರ್ಸುಗಳ ಪಟ್ಟಿಯನ್ನು ಜರ್ಮನಿಯ ಡಾಡ್ (DAAD) ಸಂಸ್ಥೆ ಇಂಗ್ಲಿಷಿನಲ್ಲಿ ಪುಕ್ಕಟೆ ಕೊಡುತ್ತದೆ. ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆಯಿಂದ ಅರ್ಜಿ ಹೋಗುವ ಊನಿ-ಅಸಿಸ್ಟ್‌ಗೆ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30. 2022ರ ನವೆಂಬರಿನಿಂದ ಭಾರತದವರಿಗೆ ಕಡ್ಡಾಯವಾದ, ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ. ಒಟ್ಟು ಕೂಡಿಸಿದರೂ ಕನ್ಸಲ್ಟೆನ್ಸಿಯ ಒಂದು ಕಂತಿನಷ್ಟಾಗದು. ಹೆಚ್ಚು ಬೇಕಾಗುವುದು ಕೂತು ಓದುವ ತಾಳ್ಮೆ. ಅರ್ಜಿಯ ಆ ಮೂರು ತಿಂಗಳ ಒದ್ದಾಟದಲ್ಲಿ ಹುಡುಗ ಎರಡು ಸಲ ತಪ್ಪು ಕಾಗದ ಕಳಿಸುತ್ತಾನೆ, ಒಂದು ಸಲ ಕೊನೆಯ ದಿನ ಮೀರುತ್ತಾನೆ, ತಿದ್ದಿಕೊಳ್ಳುತ್ತಾನೆ. ಬಂದ ಮೇಲೆ ಅವನು ಮಾಡಬೇಕಾಗುವುದೂ ಇದನ್ನೇ. ಊರಿನಲ್ಲಿ ಮಾಡುವ ತಪ್ಪು ಅಗ್ಗ.

ಹಣದ ಲೆಕ್ಕಕ್ಕೆ ಬರೋಣ, ಏಕೆಂದರೆ ಇದರಲ್ಲಿ ಅಪ್ಪಂದಿರು ತಾವು ಜಾಣರೆಂದುಕೊಂಡಿರುತ್ತಾರೆ. 'ತಿಂಗಳಿಗೆ 992 ಸರ್ಕಾರವೇ ಹೇಳಿದ ಲೆಕ್ಕ, ಸಾಕಾಗಲೇಬೇಕು, ಕಡಿಮೆ ಬಿದ್ದರೆ ಪಾರ್ಟ್ ಟೈಮ್ ಇದೆಯಲ್ಲ.' ಮ್ಯೂನಿಕ್ಕಿನಲ್ಲಿ ಮನೆ ಹಂಚಿಕೊಂಡಿರುವ ಒಂದು ಕೋಣೆಗೇ ಸರಾಸರಿ 800 ಯೂರೋ ಆಸುಪಾಸು. ಮೂವತ್ತರೊಳಗಿನ ವಿದ್ಯಾರ್ಥಿಗೆ ಆರೋಗ್ಯ ವಿಮೆ ಸುಮಾರು 140. ಉಳಿಯುವ ಐವತ್ತರಲ್ಲಿ ಊಟ, ಓಡಾಟ, ಫೋನು. ಅದೇ ಕೋರ್ಸು ಕೆಮ್ನಿಟ್ಸ್‌ನಲ್ಲೋ ಮಾಗ್ಡೆಬುರ್ಗ್‌ನಲ್ಲೋ ಇದ್ದರೆ ಬಾಡಿಗೆ ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ. ರ‍್ಯಾಂಕಿಂಗ್ ಪಟ್ಟಿ ಹಿಡಿದು ಊರು ಆರಿಸುವ ನಮ್ಮವರು ಬಾಡಿಗೆ ನೋಡಿ ಆರಿಸಿದ್ದನ್ನು ನಾನು ಕಂಡದ್ದು ಬೆರಳೆಣಿಕೆ. ಪಾರ್ಟ್ ಟೈಮ್ ಕೆಲಸ ಇದೆ ನಿಜ. 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ತಿ ದಿನ ದುಡಿಯಬಹುದು, 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ ಇತ್ತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಜರ್ಮನ್ ಬಾರದವನಿಗೆ ಸಿಗುವುದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ, ಸೈಕಲ್ಲಿನಲ್ಲಿ ಊಟ ಮುಟ್ಟಿಸುವ ಕೆಲಸ. ಅದಕ್ಕೂ ಈಗ ನೂಕುನುಗ್ಗಲು. ಆ ಕೆಲಸಗಳಲ್ಲಿ ಅವಮಾನವೇನಿಲ್ಲ. ಜನವರಿಯ ರಾತ್ರಿ ಮಂಜಿನಲ್ಲಿ ಸೈಕಲ್ ತುಳಿದವನು ಫೆಬ್ರವರಿಯಲ್ಲಿ ಪರೀಕ್ಷೆ ಬರೆಯಬೇಕು, ನಾನು ಹೇಳುವುದು ಅಷ್ಟೇ.

'ಕೋರ್ಸು ಇಂಗ್ಲಿಷಿನಲ್ಲಿದೆ, ಜರ್ಮನ್ ಯಾಕೆ' ಅನ್ನುವುದು ಇದರ ಜತೆಗೇ ಬರುವ ಮಾತು. ಇಂಗ್ಲಿಷಿನಲ್ಲಿರುವುದು ಪಾಠ ಮಾತ್ರ. ಬಾಡಿಗೆ ಕರಾರು, ವಿಮೆಯ ನೋಟೀಸು, ಕಚೇರಿಯಿಂದ ಬರುವ ಹಳದಿ ಲಕೋಟೆ ಜರ್ಮನ್ನಿನಲ್ಲಿರುತ್ತವೆ. ಆ ಹಳದಿ ಲಕೋಟೆಯ ಮೇಲೆ ಪೋಸ್ಟ್‌ಮ್ಯಾನ್ ತಾನು ಡಬ್ಬಕ್ಕೆ ಹಾಕಿದ ತಾರೀಖು ಬರೆದು ಹೋಗಿರುತ್ತಾನೆ. ಉತ್ತರ ಕೊಡುವ ಗಡುವು ಅವತ್ತಿನಿಂದಲೇ ಎಣಿಕೆ, ನೀವು ಒಡೆದು ಓದಿದ ದಿನದಿಂದಲ್ಲ. ಅಡ್ಮಿಷನ್ನಿಗೂ ವಿಮಾನಕ್ಕೂ ನಡುವೆ ನಮ್ಮ ಹುಡುಗರಿಗೆ ಮೂರು ನಾಲ್ಕು ತಿಂಗಳು ಬಿಡುವಿರುತ್ತದೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನವೋ, ಊರಿನ ಯಾವುದೋ ಟ್ಯೂಷನ್ನೋ, ಎರಡು ಹಂತ ಮುಗಿಸಲು ಅಷ್ಟು ಸಾಕು. ಆ ತಿಂಗಳುಗಳು ಬೀಳ್ಕೊಡುಗೆಯ ಊಟಗಳಲ್ಲಿ ಮುಗಿಯುತ್ತವೆ. 1853ರಲ್ಲಿ ಜರ್ಮನಿಯಿಂದ ನಮ್ಮಲ್ಲಿಗೆ ಬಂದ ಕಿಟೆಲ್ 1894ರಲ್ಲಿ ನಮ್ಮ ಭಾಷೆಗೆ ನಿಘಂಟು ಕೊಟ್ಟು, ಕೊನೆಗೆ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಅದೇ ಟ್ಯೂಬಿಂಗನ್ನಿಗೆ ಓದಲು ಬರುವವರಿಂದ ಯಾರೂ ನಿಘಂಟು ಕೇಳುತ್ತಿಲ್ಲ, 'ಪತ್ರ ಬಂದಿದೆ, ಇದರಲ್ಲಿ ಏನಿದೆ ಹೇಳಿ' ಎಂದು ಪಕ್ಕದ ಮನೆಯ ಮುದುಕಿಯನ್ನು ಕೇಳುವಷ್ಟು ಬಂದರೆ ಸಾಕು.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ಪರೀಕ್ಷೆಯ ವಿಷಯ. ಮೇಲೆ ಹೇಳಿದ್ದೆಲ್ಲ ಹಣದಿಂದ, ಹೆಣಗಾಟದಿಂದ ಸರಿಹೋಗುತ್ತದೆ. ಇದು ಹೋದರೆ ಹೋಯಿತು. ನಮ್ಮ ವಿಟಿಯು ಕಾಲೇಜಿನ ಹುಡುಗ ಹೇಗೆ ಓದಿ ಬಂದಿರುತ್ತಾನೆ? ಹಾಜರಿ 85 ಪರ್ಸೆಂಟ್ ಇರಬೇಕು, ಕಡಿಮೆಯಾದರೆ ಮೇಷ್ಟ್ರೇ ಕರೆದು ಬೈಯುತ್ತಾರೆ. ನೂರರಲ್ಲಿ ಐವತ್ತು ಅಂಕ ಕಾಲೇಜಿನೊಳಗೇ ಆಗಿಹೋಗುತ್ತದೆ. ಪರೀಕ್ಷೆಯ ಫಾರ್ಮು ತುಂಬಿ ಎಂದು ಕಚೇರಿಯವರು ನೋಟೀಸ್ ಬೋರ್ಡಿಗೆ ಹಾಕುತ್ತಾರೆ, ತಪ್ಪಿದರೆ ದಂಡ ಕಟ್ಟಿಸಿಕೊಂಡು ತುಂಬಿಸುತ್ತಾರೆ. ಬಿದ್ದರೆ ಬ್ಯಾಕ್‌ಲಾಗ್, ಮತ್ತೆ ಕಟ್ಟು, ಮತ್ತೆ ಬರೆ.

ಇಲ್ಲಿ ಹೆಚ್ಚಿನ ತರಗತಿಗಳಲ್ಲಿ ಹಾಜರಿ ಕೇಳುವವರೇ ಇಲ್ಲ. ನಮ್ಮವನಿಗೆ ಮೊದಲ ತಿಂಗಳು ಸ್ವರ್ಗ. ಅಂಕವೆಲ್ಲ ಕೊನೆಯ ಒಂದು ಪರೀಕ್ಷೆಯ ಮೇಲೆ. ಆ ಪರೀಕ್ಷೆಗೆ ಕೂರಬೇಕಾದರೆ ಪ್ರತಿ ವಿಷಯಕ್ಕೂ ಆನ್‌ಲೈನಿನಲ್ಲಿ ಬೇರೆಬೇರೆಯಾಗಿ ಹೆಸರು ನೋಂದಾಯಿಸಬೇಕು. ಅದಕ್ಕೊಂದು ಕಿಟಕಿ ತೆರೆಯುತ್ತದೆ, ಎರಡೋ ಮೂರೋ ವಾರಕ್ಕೆ ಮುಚ್ಚುತ್ತದೆ. ಮುಚ್ಚಿದ ಮೇಲೆ ದಂಡ ಕಟ್ಟುತ್ತೇನೆ ಅಂದರೂ ಇಲ್ಲ, ಪ್ರೊಫೆಸರ ಕಾಲು ಹಿಡಿಯುತ್ತೇನೆ ಅಂದರೂ ಇಲ್ಲ. ಸರಿ, ಎಲ್ಲದಕ್ಕೂ ನೋಂದಾಯಿಸಿಬಿಡೋಣ ಅಂದರೆ, ನೋಂದಾಯಿಸಿ, ಗಡುವಿನೊಳಗೆ ವಾಪಸು ಪಡೆಯದೆ, ಕಾರಣವಿಲ್ಲದೆ ಗೈರಾದರೆ ಬಿದ್ದ ಹಾಗೇ ಲೆಕ್ಕ. ಬೀಳುವುದಕ್ಕೂ ಮಿತಿಯಿದೆ. ಬಹಳಷ್ಟು ಕಡೆ ಒಂದು ವಿಷಯಕ್ಕೆ ಮೂರು ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದರಲ್ಲೂ ಬಿದ್ದರೆ ಹೆಸರು ತೆಗೆದುಹಾಕುತ್ತಾರೆ. ಅದೇ ವಿಷಯದ ಅದೇ ಪದವಿಯನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಲೂ ಸಾಮಾನ್ಯವಾಗಿ ಬಿಡುವುದಿಲ್ಲ. ಹೆಸರು ಹೋದರೆ ಓದುವುದಕ್ಕೆಂದು ಕೊಟ್ಟ ವೀಸಾಕ್ಕೆ ಬುಡವೇ ಇಲ್ಲ. ನಮ್ಮಲ್ಲಿ ಸಪ್ಲಿಮೆಂಟರಿ ಅನ್ನುವ ಮಾತಿಗೆ ಇರುವ ಸಲೀಸುತನ ಇಲ್ಲಿನ ಮೂರನೇ ಅವಕಾಶ ಅನ್ನುವ ಮಾತಿಗೆ ಇಲ್ಲ.

ಇದೆಲ್ಲ ಗುಟ್ಟೇನಲ್ಲ. ಪ್ರತಿ ಕೋರ್ಸಿಗೂ ಪರೀಕ್ಷಾ ನಿಯಮಾವಳಿ ಅನ್ನುವ ಮೂವತ್ತು ನಲವತ್ತು ಪುಟದ ಕಡತ ಇರುತ್ತದೆ, ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಇಂಗ್ಲಿಷ್ ಅನುವಾದವೂ ಹಲವು ಕಡೆ ಇದೆ. ಆದರೆ ತಕರಾರು ಬಂದರೆ ನಿಲ್ಲುವುದು ಜರ್ಮನ್ ಪ್ರತಿ. ಫೋನು ಮಾಡಿದ ಪ್ರತಿಯೊಬ್ಬರಿಗೂ ನಾನು ಇದನ್ನು ಓದಿಕೊಂಡು ಬನ್ನಿ ಅನ್ನುತ್ತೇನೆ. ಓದಿಕೊಂಡು ಬಂದವಳು ಇಷ್ಟು ವರ್ಷಗಳಲ್ಲಿ ಒಬ್ಬಳು, ಶಿರಸಿಯ ಕಡೆಯ ಹುಡುಗಿ. ಅವಳ ಬ್ಯಾಗು ಹದಿನೇಳು ಕಿಲೋ ಇತ್ತಂತೆ; ಅವರಮ್ಮನಿಗೆ ಇವತ್ತಿಗೂ ಆ ಆರು ಕಿಲೋ ಖಾಲಿ ಹೋದ ಬೇಜಾರಿದೆ.

'ನೀವೂ ಏನೂ ಗೊತ್ತಿಲ್ಲದೆ ಬಂದವರೇ ಅಲ್ಲವಾ, ಬದುಕಲಿಲ್ಲವಾ' ಎಂದು ಕೇಳುತ್ತಾರೆ. ಬದುಕಿದೆ. ನಾನು ಬಂದಾಗ ಇಡೀ ಜರ್ಮನಿಯಲ್ಲಿ ಭಾರತದ ವಿದ್ಯಾರ್ಥಿಗಳು ಹತ್ತು ಸಾವಿರವೂ ಇರಲಿಲ್ಲ. 2022-23ರ ಚಳಿಗಾಲದ ಹೊತ್ತಿಗೆ ಸುಮಾರು 43 ಸಾವಿರವಾಗಿ ಚೀನಾದವರನ್ನೂ ದಾಟಿದರು, ಆಮೇಲೂ ಏರುತ್ತಲೇ ಇದ್ದಾರೆ. ಹಾಸ್ಟೆಲ್ ಕೋಣೆಗಳು ಹಾಗೆ ಏರಿಲ್ಲ. ನಾನು ವಿಳಾಸ ನೋಂದಾಯಿಸಿದಾಗ ಮಾಲೀಕನ ಸಹಿಯ ಪತ್ರ ಕೇಳಲಿಲ್ಲ. ಆ ನಿಯಮ ಬಂದದ್ದು 2015ರ ನವೆಂಬರಿನಲ್ಲಿ. ಎಪಿಎಸ್ ಇರಲಿಲ್ಲ. ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಂತೆ, ಮಧ್ಯಾಹ್ನ ಕೆಲಸ ಮುಗಿಯಿತು. ಈಗ ದೊಡ್ಡ ಊರುಗಳಲ್ಲಿ ದಿನ ಗೊತ್ತುಮಾಡಿಕೊಳ್ಳುವುದಕ್ಕೇ ತಿಂಗಳುಗಟ್ಟಲೆ. ನಾವು ಬದುಕಿದ್ದು ನಮ್ಮ ಜಾಣತನದಿಂದಲ್ಲ, ಆಗ ಬಾಗಿಲ ಮುಂದೆ ಸಾಲು ಇರಲಿಲ್ಲ. ಇನ್ನೂ ಒಂದು. ಬದುಕಿ ಉಳಿದವರಷ್ಟೇ ಈ ಕಥೆ ಹೇಳುತ್ತಾರೆ. ನನ್ನ ಜತೆ ಬಂದು, ಎರಡನೇ ಸೆಮಿಸ್ಟರಿನ ನಡುವೆ ಯಾರಿಗೂ ಹೇಳದೆ ಊರಿಗೆ ಹೋದವನೊಬ್ಬನಿದ್ದ. ಅವನ ಮಾವನ ಮಗ ಹೊರಡುವಾಗ ಅವನನ್ನು ಯಾರೂ ಸಲಹೆ ಕೇಳಲಿಲ್ಲ, ನನ್ನನ್ನು ಕೇಳಿದರು.

ಕಳೆದ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ, ಹದಿನಾಲ್ಕನೇ ತಾರೀಖು, ದಾವಣಗೆರೆಯಿಂದ ಫೋನು.

'ಸರ್, ಕುಕ್ಕರ್ ಮೂರು ಲೀಟ್ರಿಂದು ಸಾಕೇನ್ರಿ, ಐದು ಲೀಟ್ರಿಂದು ಬೇಕೇನ್ರಿ?'

'ಅಮ್ಮಾ, ಮಗನ ಕೈಗೆ ಸ್ವಲ್ಪ ಫೋನ್ ಕೊಡ್ತೀರಾ?'

ಕೊಟ್ಟರು. ಅಡ್ಮಿಷನ್ ಲೆಟರ್ ಇದೆಯೇನಪ್ಪಾ ಅಂದೆ. ಪಿಡಿಎಫ್ ಇದೆ ಅಂಕಲ್ ಅಂದ. ತೆಗೆದು ಎರಡನೇ ಪುಟ ಓದು ಅಂದೆ. ಅದು ಜರ್ಮನ್‌ನಲ್ಲಿದೆ ಅಂಕಲ್, ಕನ್ಸಲ್ಟೆನ್ಸಿಯವರು ಎಲ್ಲ ನೋಡಿದಾರೆ ಅಂದ. ಭಾಷೆ ಬಿಡು, ಅಂಕಿ ಎಲ್ಲರಿಗೂ ಒಂದೇ, ದಪ್ಪಕ್ಷರದಲ್ಲಿ ಒಂದು ತಾರೀಖು ಇರಬೇಕು ನೋಡು ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ.

'ಹದಿನೈದು, ಒಂಬತ್ತು ಅಂತ ಇದೆ ಅಂಕಲ್. ಅದೇನು?'

'ಆನ್‌ಲೈನ್‌ನಲ್ಲಿ ದಾಖಲಾತಿ ಅರ್ಜಿ ತುಂಬೋಕೆ ಕೊನೇ ದಿನ. ತುಂಬಿದೀಯಾ?'

'ನಾನೇ ತುಂಬ್ಬೇಕಾ?'

'ಈಗ್ಲೇ ಲಾಗಿನ್ ಆಗು. ನಾನು ಲೈನಲ್ಲಿರ್ತೀನಿ.'

'ಪಾಸ್‌ವರ್ಡ್ ಅವರ ಹತ್ರ ಇದೆ ಅಂಕಲ್' ಅಂದ. ಆಮೇಲೆ, ತಗ್ಗಿದ ದನಿಯಲ್ಲಿ, 'ಇವತ್ತು ಭಾನುವಾರ, ಫೋನ್ ಎತ್ತಲ್ಲ.'

ಹಿಂದಿನಿಂದ ಅವರಮ್ಮನ ದನಿ ಕೇಳುತ್ತಿತ್ತು. ಐದು ಲೀಟ್ರಿಂದೇ ಇರ್ಲಂತೇನೋ?